ಮಕ್ಕಳ ಫುಟ್‌ಬಾಲ್‌ನಲ್ಲಿ ಚುರುಕು ಅಳೆಯುವುದು: ಯಾವ ಟೆಸ್ಟ್, ಯಾವ ಗಡಿಯಾರ, ಯಾವ ವಯಸ್ಸಿಗೆ

ಟೆಸ್ಟ್ ಮಾಡಿದ ದಿನ ಸಂಜೆ ಪೋಷಕರ ಮೆಸೇಜ್ ಬಂದೇ ಬರುತ್ತದೆ. "ಸರ್, ನಮ್ಮ ಹುಡುಗ ಎಷ್ಟು ಸೆಕೆಂಡ್?" ಸಂಖ್ಯೆ ಹೇಳುವುದು ಸುಲಭ. 17.4 ಅಂತ ಟೈಪ್ ಮಾಡಿದರೆ ಮುಗೀತು. ಆದರೆ ಆ 17.4 ಏನನ್ನು ಹೇಳುತ್ತಿದೆ? ಹುಡುಗ ಬೇಗ ಓಡುತ್ತಾನೆ ಅಂತಲೋ, ಬೇಗ ತಿರುಗುತ್ತಾನೆ ಅಂತಲೋ, ಎದುರಾಳಿ ಯಾವ ಕಡೆ ಹೋಗುತ್ತಾನೆ ಅನ್ನುವುದನ್ನು ಬೇಗ ಗುರುತಿಸುತ್ತಾನೆ ಅಂತಲೋ? ಮೂರೂ ಬೇರೆ ಬೇರೆ. ಯಾವ ಟೆಸ್ಟ್ ಮಾಡಿಸಿದಿರಿ ಅನ್ನುವುದರ ಮೇಲೆ ಉತ್ತರ ನಿಂತಿದೆ.

ನಾನು ಬೆಂಗಳೂರಿನಲ್ಲಿ 10ರಿಂದ 16 ವರ್ಷದ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ಮಣ್ಣಿನ ಗ್ರೌಂಡ್. ಒಂದು ಚೀಲ ಬಾಲ್, 20 ಕೋನ್, ಒಂದು ಅಳತೆ ಟೇಪು, ಒಂದು ಫೋನ್. ಹೆಚ್ಚಿನ ಶಾಲೆಗಳ ಪಿ.ಟಿ. ಮೇಷ್ಟ್ರ ಹತ್ತಿರ ಇರುವುದೂ ಇಷ್ಟೇ ಅಲ್ವಾ? ಇಷ್ಟನ್ನೇ ಇಟ್ಟುಕೊಂಡು ಯಾವುದನ್ನು ಆರಿಸಬೇಕು, ಯಾವುದನ್ನು ಬಿಡಬೇಕು ಅಂತ ಇಲ್ಲಿ ಬರೆಯುತ್ತಿದ್ದೇನೆ. ದುಡ್ಡು ಇದ್ದವರು ಕೊಳ್ಳುವ ಸಾಮಾನಿನ ಬಗ್ಗೆಯೂ ಹೇಳುತ್ತೇನೆ.

ತಿರುಗುವುದು ಬೇರೆ, ಗುರುತಿಸಿ ತಿರುಗುವುದು ಬೇರೆ

ಕೋನ್ ಇಟ್ಟು ಹಾವಿನ ಹಾಗೆ ಓಡಿಸುವುದನ್ನೆಲ್ಲ ನಾವು 'ಅಜಿಲಿಟಿ' ಅಂತ ಕರೆದುಬಿಡುತ್ತೇವೆ. ಆಸ್ಟ್ರೇಲಿಯಾದ ಶೆಪರ್ಡ್ ಮತ್ತು ಯಂಗ್ ಎಂಬ ಇಬ್ಬರು ಕ್ರೀಡಾ ವಿಜ್ಞಾನಿಗಳು 2006ರಲ್ಲಿ ಈ ಪದವನ್ನು ಬಿಗಿಮಾಡಿದರು. ಏನಾದರೊಂದನ್ನು ಕಂಡು ಅಥವಾ ಕೇಳಿ, ಅದಕ್ಕೆ ತಕ್ಕ ಹಾಗೆ ಇಡೀ ಮೈ ವೇಗವನ್ನೋ ದಿಕ್ಕನ್ನೋ ಬದಲಿಸಿದರೆ ಮಾತ್ರ ಅದು ಅಜಿಲಿಟಿ ಅಂದರು. ದಾರಿ ಮೊದಲೇ ಗೊತ್ತಿದ್ದರೆ ಅದು ಬರೀ ದಿಕ್ಕು ಬದಲಿಸುವ ವೇಗ.

ಇದು ಸುಮ್ನೆ ಪದದ ಜಗಳ ಅಲ್ಲ. ಕೋನ್ ಸುತ್ತ ವೇಗವಾಗಿ ತಿರುಗುವ ಮಗು ಎದುರಾಳಿಯ ಮುಂದೆಯೂ ವೇಗವಾಗಿರುತ್ತದೆ ಅಂತ ಹೇಳಲಾಗುವುದಿಲ್ಲ. ಎರಡರ ನಡುವಿನ ನಂಟು ಅಷ್ಟೊಂದು ಗಟ್ಟಿ ಇಲ್ಲ. ಮೇಲಿನ ಮಟ್ಟದ ಆಟಗಾರರನ್ನೂ ಕೆಳಗಿನ ಮಟ್ಟದವರನ್ನೂ ಬೇರೆ ಮಾಡಿ ತೋರಿಸುವುದರಲ್ಲಿ ಎದುರಾಳಿ ಇರುವ ಟೆಸ್ಟೇ ಮುಂದು. ಕೋನ್ ಟೆಸ್ಟ್‌ನಲ್ಲಿ ಆ ಎರಡು ಗುಂಪು ಎಷ್ಟೋ ಸಲ ಒಂದೇ ಹಾಗೆ ಕಾಣುತ್ತವೆ.

ಹಾಗಂತ ಕೋನ್ ಟೆಸ್ಟ್ ಬೇಡ ಅಂತಲ್ಲ. ಕಾಲಿನಲ್ಲಿ ಬ್ರೇಕ್ ಹಾಕುವ ಶಕ್ತಿ ಇದೆಯೇ, ಎಡಗಾಲು ಬಲಗಾಲು ಎರಡರಲ್ಲೂ ತಿರುಗಬಲ್ಲದೇ ಅಂತ ನೋಡಲು ಅದೇ ಬೇಕು. ಅದನ್ನು ಮಾಡಿಸಿ, 'ಈ ಹುಡುಗನಿಗೆ ಆಟದ ಬುದ್ಧಿ ಚುರುಕು' ಅಂತ ಹೇಳಬಾರದು, ಅಷ್ಟೇ.

ದಾರಿ ಗೊತ್ತಿರುವ ಟೆಸ್ಟ್‌ಗಳು

ಇಲಿನಾಯ್ ಟೆಸ್ಟ್ ಎಲ್ಲರಿಗೂ ಗೊತ್ತು. 10 ಮೀಟರ್ ಉದ್ದ, 5 ಮೀಟರ್ ಅಗಲದ ಆಯತ. ನಡುವೆ 3.3 ಮೀಟರ್‌ಗೆ ಒಂದರಂತೆ 4 ಕೋನ್. ಮಗು ಬೋರಲು ಮಲಗಿರುತ್ತದೆ, ಸೀಟಿ ಊದಿದಾಗ ಎದ್ದು ಓಡುತ್ತದೆ. ಒಟ್ಟು ಸುಮಾರು 60 ಮೀಟರ್ ಓಟ. ಹದಿಹರೆಯದ ಮಕ್ಕಳು ಸಾಮಾನ್ಯವಾಗಿ 15ರಿಂದ 20 ಸೆಕೆಂಡ್ ತೆಗೆದುಕೊಳ್ಳುತ್ತಾರೆ. ಹೋಲಿಸಿ ನೋಡಲು ಹಳೆಯ ಅಂಕಿಗಳು ಬೇಕಾದಷ್ಟು ಸಿಗುತ್ತವೆ. ಅದೊಂದೇ ಇದರ ದೊಡ್ಡ ಗುಣ.

ನನಗೆ ಇದು ಫುಟ್‌ಬಾಲ್‌ಗೆ ಹೊಂದುವುದಿಲ್ಲ ಅನಿಸುತ್ತದೆ. ಪಂದ್ಯದಲ್ಲಿ ಒಂದು ಬಿರುಸು ಓಟ ಹೆಚ್ಚಿನ ಸಲ 2ರಿಂದ 4 ಸೆಕೆಂಡಿನಲ್ಲಿ ಮುಗಿಯುತ್ತದೆ. ಇಲ್ಲಿ 17 ಸೆಕೆಂಡ್ ಎಡೆಬಿಡದೆ ಓಡಬೇಕು. ಕೊನೆಯ ತಿರುವಿನಲ್ಲಿ ಮಗು ನಿಧಾನವಾದರೆ ಅದು ಚುರುಕಿನ ಕೊರತೆಯೋ, ಉಸಿರಿನ ಕೊರತೆಯೋ ಗೊತ್ತಾಗುವುದಿಲ್ಲ. ಜೊತೆಗೆ 11 ವರ್ಷದ ಮಕ್ಕಳು ದಾರಿ ಮರೆಯುತ್ತಾರೆ. ಎರಡನೇ ಕೋನ್ ಹತ್ತಿರ ನಿಂತು, 'ಸರ್, ಯಾವ ಕಡೆ?' ಅಂತ ಕೇಳುವ ಮಗುವಿನ ಕಾಲನ್ನು ನಾವು ಅಳೆಯುತ್ತಿಲ್ಲ, ನೆನಪನ್ನು ಅಳೆಯುತ್ತಿದ್ದೇವೆ.

ಟಿ-ಟೆಸ್ಟ್ ಅದಕ್ಕಿಂತ ಚಿಕ್ಕದು. 9.14 ಮೀಟರ್ ಮುಂದೆ ಓಟ. ಅಲ್ಲಿಂದ 4.57 ಮೀಟರ್ ಎಡಕ್ಕೆ ಅಡ್ಡ ಹೆಜ್ಜೆ, 9.14 ಮೀಟರ್ ಬಲಕ್ಕೆ, ಮತ್ತೆ 4.57 ಮೀಟರ್ ನಡುವಿಗೆ. ಆಮೇಲೆ ಹಿಂದಕ್ಕೆ ಓಡುತ್ತಾ ಶುರುವಿನ ಗೆರೆಗೆ. ವಿಚಿತ್ರ ಅಳತೆ ಅನಿಸಿದರೆ, ಅದು ಮೂಲದಲ್ಲಿ 10 ಗಜ ಮತ್ತು 5 ಗಜ. ಅಡ್ಡ ಹೆಜ್ಜೆ, ಹಿಂದಕ್ಕೆ ಓಟ ಎರಡೂ ಇರುವುದರಿಂದ ಡಿಫೆಂಡರ್‌ಗಳಿಗೆ ಒಪ್ಪುತ್ತದೆ. ಕಾಲು ಕತ್ತರಿಯಾಗದ ಹಾಗೆ ಅಡ್ಡ ಹೆಜ್ಜೆ ಹಾಕಬೇಕು ಅನ್ನುವ ನಿಯಮವನ್ನು ಮಕ್ಕಳು ಮುರಿಯುತ್ತಲೇ ಇರುತ್ತಾರೆ. ಅದನ್ನು ನೋಡಲು ಒಬ್ಬರು ಬೇಕು. ಹಿಂದಕ್ಕೆ ಓಡುವಾಗ ಬೀಳುವ ಮಗುವನ್ನು ಹಿಡಿಯಲು ಇನ್ನೊಬ್ಬರು ಬೇಕು. ಮಣ್ಣಿನ ಗ್ರೌಂಡ್‌ನಲ್ಲಿ ಈ ಎರಡನೆಯವರು ಇಲ್ಲದೆ ಮಾಡಿಸಲೇಬೇಡಿ.

ನಾನು ಹೆಚ್ಚು ಬಳಸುವುದು 505. ಇದನ್ನು ಡ್ರೇಪರ್ ಮತ್ತು ಲ್ಯಾಂಕಾಸ್ಟರ್ ಎಂಬವರು 1985ರಲ್ಲಿ ಆಸ್ಟ್ರೇಲಿಯಾದಲ್ಲಿ ಪ್ರಕಟಿಸಿದರು. ಮಗು 10 ಮೀಟರ್ ಓಡಿ ವೇಗ ಹಿಡಿಯುತ್ತದೆ. ಅಲ್ಲೊಂದು ಗೆರೆ, ಗಡಿಯಾರ ಶುರುವಾಗುವುದು ಅಲ್ಲಿಂದ. ಮುಂದೆ 5 ಮೀಟರ್‌ಗೆ ಇನ್ನೊಂದು ಗೆರೆ. ಅದನ್ನು ಒಂದು ಕಾಲಲ್ಲಿ ತುಳಿದು, ಪೂರ್ತಿ ಹಿಂದೆ ತಿರುಗಿ, 5 ಮೀಟರ್ ವಾಪಸ್. ಗಡಿಯಾರ ನಿಲ್ಲುತ್ತದೆ. ಇರುವುದು ಒಂದೇ ತಿರುವು. ದಾರಿ ಮರೆಯುವ ಪ್ರಶ್ನೆಯೇ ಇಲ್ಲ. ಎಡಗಾಲಲ್ಲಿ 3 ಸಲ, ಬಲಗಾಲಲ್ಲಿ 3 ಸಲ ಮಾಡಿಸಿದರೆ ಎರಡು ಕಾಲಿನ ವ್ಯತ್ಯಾಸ ಕಣ್ಣಿಗೆ ಕಟ್ಟಿದ ಹಾಗೆ ಸಿಗುತ್ತದೆ. ಚಿಕ್ಕ ಮಕ್ಕಳಿಗೆ ಆ 10 ಮೀಟರ್ ಓಟ ಬಿಟ್ಟು ನಿಂತಲ್ಲಿಂದಲೇ ಶುರು ಮಾಡಿಸಬಹುದು. ಮೊಣಕಾಲಿನ ಮೇಲೆ ಹೊರೆ ಕಡಿಮೆ.

ಇದರ ಜೊತೆ ಅದೇ ದಿನ 10 ಮೀಟರ್ ನೇರ ಓಟವನ್ನೂ ಅಳೆಯಿರಿ. 505ರ ಸಮಯದಿಂದ ನೇರ ಓಟದ ಸಮಯ ಕಳೆಯಿರಿ. ಉದಾಹರಣೆಗೆ 505ಕ್ಕೆ 2.60, ನೇರ ಓಟಕ್ಕೆ 2.00 ಆದರೆ ಉಳಿಯುವುದು 0.60 ಸೆಕೆಂಡ್. ತಿರುವಿಗೆ ಮಗು ತೆತ್ತ ಬೆಲೆ ಅದು. ಇನ್ನೊಂದು ಮಗು 505ನ್ನು 2.70ರಲ್ಲಿ ಮುಗಿಸಿ, ನೇರ ಓಟಕ್ಕೆ 2.20 ತೆಗೆದುಕೊಂಡರೆ ಉಳಿಯುವುದು 0.50. ಒಟ್ಟು ಸಮಯದಲ್ಲಿ ಹಿಂದೆ ಬಿದ್ದರೂ ಚೆನ್ನಾಗಿ ತಿರುಗಿದ್ದು ಈ ಮಗುವೇ. ಮೊದಲನೆಯ ಮಗುವಿಗೆ ಬ್ರೇಕ್ ಹಾಕುವುದನ್ನು ಕಲಿಸಬೇಕು. ಎರಡನೆಯದಕ್ಕೆ ಓಟ ಕಲಿಸಬೇಕು. ಬರೀ ಒಟ್ಟು ಸಮಯ ನೋಡಿದ್ದರೆ ನಾವು ಇಬ್ಬರಿಗೂ ತಪ್ಪು ಪಾಠ ಹೇಳುತ್ತಿದ್ದೆವು.

ಆ್ಯರೋಹೆಡ್ ಫುಟ್‌ಬಾಲ್ ಕೋಚ್‌ಗಳಿಗೆ ಇಷ್ಟವಾದ ಟೆಸ್ಟ್. ಹೆಸರಿನ ಹಾಗೆ ಬಾಣದ ಮೊನೆ. ಶುರುವಿನಿಂದ 10 ಮೀಟರ್ ದೂರದಲ್ಲಿ ನಡುವಿನ ಕೋನ್. ಅದರ ಎಡಕ್ಕೆ, ಬಲಕ್ಕೆ, ಮುಂದಕ್ಕೆ 5 ಮೀಟರ್‌ನಲ್ಲಿ ಒಂದೊಂದು ಕೋನ್. ನಡುವಿಗೆ ಓಡಿ, ಪಕ್ಕದ ಕೋನ್ ಸುತ್ತಿ, ತುದಿಯ ಕೋನ್ ಸುತ್ತಿ, ನೇರ ಮನೆಗೆ. ಸುಮಾರು 37 ಮೀಟರ್. ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೇರೆ ಬೇರೆ ಅಳೆಯುತ್ತಾರೆ. ಬೇರೆ ಬೇರೆ ಕೋನದ ತಿರುವು ಬರುವುದರಿಂದ ಆಟಕ್ಕೆ ಹತ್ತಿರ. 14 ವರ್ಷ ದಾಟಿದವರಿಗೆ 505ರ ಜೊತೆ ಇದನ್ನೂ ಸೇರಿಸಬಹುದು. ಇದೇ ದಾರಿಯನ್ನು ಬಾಲ್ ಜೊತೆ ಒಮ್ಮೆ ಓಡಿಸಿದರೆ, ಎರಡು ಸಮಯದ ಅಂತರ ಬಾಲ್ ಹಿಡಿತ ಎಷ್ಟಿದೆ ಅಂತ ತೋರಿಸುತ್ತದೆ. ಆ ಅಂತರ ತಿಂಗಳಿಂದ ತಿಂಗಳಿಗೆ ಇಳಿಯುವುದನ್ನು ನೋಡುವುದು ಮಕ್ಕಳಿಗೇ ಖುಷಿ.

ಷಟ್ಕೋನದ ಒಳಗೆ ಹೊರಗೆ ಜಿಗಿಸುವ ಟೆಸ್ಟ್, ನೆಲಕ್ಕೆ ಹಾಸಿದ ಏಣಿಯ ಡ್ರಿಲ್‌ಗೆ ಸಮಯ ಹಿಡಿಯುವುದು, ಇವನ್ನು ಬಿಟ್ಟುಬಿಡಿ. ಪಾದ ಚುರುಕಾಗಿದೆ ಅಂತ ತೋರಿಸುತ್ತವೆ, ಅದರಾಚೆ ಏನೂ ಸಿಗುವುದಿಲ್ಲ. ಖೇಲೋ ಇಂಡಿಯಾ ಶಾಲಾ ಫಿಟ್‌ನೆಸ್ ಪರೀಕ್ಷೆಯ ಅಂಕಿ ಇದ್ದರೆ ಸಾಲದೇ ಅಂತ ಕೆಲವು ಮೇಷ್ಟ್ರು ಕೇಳುತ್ತಾರೆ. ಅದರಲ್ಲಿ 1ರಿಂದ 3ನೇ ತರಗತಿಗೆ ಕೈಯಿಂದ ತಟ್ಟೆ ಮುಟ್ಟುವ ಪ್ಲೇಟ್ ಟ್ಯಾಪಿಂಗ್ ಇದೆ. 4ನೇ ತರಗತಿಯಿಂದ ಮೇಲೆ 50 ಮೀಟರ್, 600 ಮೀಟರ್ ಓಟಗಳಿವೆ. ಆರೋಗ್ಯ ನೋಡಲು ಒಳ್ಳೆಯದು. ತಿರುವಿನ ಬಗ್ಗೆ ಅದು ಏನೂ ಹೇಳುವುದಿಲ್ಲ.

ಪ್ರತಿಕ್ರಿಯೆ ಅಳೆಯುವುದು: ಸ್ಕೇಲ್, ಲೈಟ್, ಮನುಷ್ಯ

ಸ್ಕೇಲ್ ಬೀಳಿಸಿ ಹಿಡಿಯುವ ಆಟ ಯಾರು ಆಡಿಲ್ಲ? ಜಾಮಿಟ್ರಿ ಬಾಕ್ಸಿನ ಚಿಕ್ಕ ಸ್ಕೇಲ್ ಸಾಲದು, 30 ಸೆಂಟಿಮೀಟರಿನದು ಬೇಕು. ಮಗುವಿನ ಹೆಬ್ಬೆರಳು ತೋರುಬೆರಳಿನ ನಡುವೆ ಸೊನ್ನೆ ಇರಲಿ. ಹೇಳದೆ ಬಿಡಿ. 15 ಸೆಂಟಿಮೀಟರ್‌ಗೆ ಹಿಡಿದರೆ ಸುಮಾರು 0.17 ಸೆಕೆಂಡ್. 20ಕ್ಕೆ ಹಿಡಿದರೆ 0.20. 25ಕ್ಕೆ 0.23, 30ಕ್ಕೆ 0.25. ಬೀಳುವ ವಸ್ತುವಿನ ಲೆಕ್ಕ ಇದು, ಎಲ್ಲಿ ಮಾಡಿದರೂ ಬದಲಾಗುವುದಿಲ್ಲ. ಸ್ಕೇಲನ್ನು ಗೋಡೆಗೆ ತಾಗಿಸಿ ಬಿಟ್ಟು, ಪಾದದಿಂದ ಒತ್ತಿ ಹಿಡಿಸುವ ಬಗೆಯೂ ಇದೆ. ಫುಟ್‌ಬಾಲ್‌ಗೆ ಅದು ಒಂದು ಕೂದಲು ಹತ್ತಿರ.

ಆದರೆ ಈ ಸಂಖ್ಯೆಯಿಂದ ಏನು ಮಾಡುತ್ತೀರಿ? ಇಲ್ಲಿ ಮಗು ಏನನ್ನೂ ಆರಿಸಬೇಕಾಗಿಲ್ಲ. ಸ್ಕೇಲ್ ಬಿತ್ತು, ಹಿಡಿ, ಅಷ್ಟೇ. ಆಟದಲ್ಲಿ ಯಾವಾಗಲೂ ಎರಡೋ ಮೂರೋ ದಾರಿ ಇರುತ್ತವೆ. ಆಯ್ಕೆ ಜಾಸ್ತಿಯಾದಷ್ಟೂ ನಿರ್ಧಾರಕ್ಕೆ ಹಿಡಿಯುವ ಸಮಯ ಜಾಸ್ತಿಯಾಗುತ್ತದೆ ಅಂತ ಹಿಕ್ ಎಂಬ ವಿಜ್ಞಾನಿ 1952ರಲ್ಲೇ ತೋರಿಸಿದ್ದಾರೆ. ವಯಸ್ಸು ಏರಿದ ಹಾಗೆ, ಹದಿಹರೆಯ ಮುಗಿಯುವ ತನಕ, ಈ ಸರಳ ಪ್ರತಿಕ್ರಿಯೆ ತಾನಾಗಿಯೇ ಚುರುಕಾಗುತ್ತಾ ಹೋಗುತ್ತದೆ. ಹಾಗಾಗಿ 10 ವರ್ಷದವನ ಸ್ಕೇಲ್ ಅಂಕಿ ನೋಡಿ ಕೋಚಿಂಗ್ ಫಲ ಕೊಟ್ಟಿತು ಅಂದುಕೊಳ್ಳಬೇಡಿ. ಫೋನ್ ಆ್ಯಪ್‌ಗಳಿಗೂ ಇದೇ ಮಾತು. ಅಲ್ಲಿ ಪರದೆಯೇ ತಡಮಾಡುವುದರಿಂದ, ಎರಡು ಬೇರೆ ಫೋನಿನ ಅಂಕಿಯನ್ನು ಹೋಲಿಸುವುದಂತೂ ಸಲ್ಲದು.

ಈಗ ಲೈಟ್‌ಗಳು. ಬ್ಲೇಜ್‌ಪಾಡ್, ಫಿಟ್‌ಲೈಟ್ ಮೊದಲಾದ ಗುಂಡು ದೀಪಗಳನ್ನು ನೆಲದಲ್ಲಿ ಇಟ್ಟರೆ, ಯಾವುದು ಹತ್ತುತ್ತದೋ ಅದನ್ನು ಓಡಿ ಮುಟ್ಟಬೇಕು. ಸಮಯ ಫೋನಿಗೆ ತಾನಾಗಿ ಬರುತ್ತದೆ. ಮಕ್ಕಳಿಗೆ ತುಂಬಾ ಇಷ್ಟ. ಜರ್ಮನಿಯ ಡಾರ್ಟ್ಮಂಡ್ ಕ್ಲಬ್ಬಿನ ಫುಟ್‌ಬೊನಾಟ್ ಇದರ ದೊಡ್ಡಣ್ಣ ಇದ್ದ ಹಾಗೆ. ಸುತ್ತಲಿನ 8 ಯಂತ್ರಗಳು ಬಾಲ್ ಎಸೆಯುತ್ತವೆ, ಯಾವ ಚೌಕ ಬೆಳಗುತ್ತದೋ ಅದಕ್ಕೆ ಪಾಸ್ ಕೊಡಬೇಕು. ತರಬೇತಿಗೆ ಇವೆಲ್ಲ ಚೆನ್ನ. ಟೆಸ್ಟ್ ಆಗಿ ನೋಡಿದರೆ ಒಂದು ಕೊರತೆ ಇದೆ. ದೀಪ ಹತ್ತುವ ಮುಂಚೆ ಯಾವ ಸುಳಿವನ್ನೂ ಕೊಡುವುದಿಲ್ಲ. ಎದುರಾಳಿ ಕೊಡುತ್ತಾನೆ. ಅವನ ಸೊಂಟ ತಿರುಗುತ್ತದೆ, ಭುಜ ಇಳಿಯುತ್ತದೆ, ನಿಂತ ಕಾಲು ಒಂದು ದಿಕ್ಕಿಗೆ ನೆಡುತ್ತದೆ. ಒಳ್ಳೆಯ ಆಟಗಾರ ಓದುವುದು ಅದನ್ನೇ. ದೀಪದ ಟೆಸ್ಟ್‌ನಲ್ಲಿ ಅವನ ಆ ಓದು ಕೆಲಸಕ್ಕೆ ಬರುವುದೇ ಇಲ್ಲ. ದುಡ್ಡು ಕೊಟ್ಟು ತಂದ ದೀಪ ಇದ್ದರೆ ಬಳಸಿ. ಇಲ್ಲದಿದ್ದರೆ ಇದಕ್ಕಾಗಿ ಸಾಲ ಮಾಡಬೇಡಿ.

ಹಾಗಾದರೆ ನಾವೇ ಎದುರಾಳಿ ಆಗಬೇಕು

ನಾನು ಮಾಡಿಸುವುದು ಹೀಗೆ. ಮಗು ಶುರುವಿನ ಗೆರೆಯಲ್ಲಿ. ಎದುರಿಗೆ 4 ಮೀಟರ್ ದೂರದಲ್ಲಿ ನಾನು. ಮಗುವಿನ ಎಡಕ್ಕೆ 5 ಮೀಟರ್, ಬಲಕ್ಕೆ 5 ಮೀಟರ್‌ನಲ್ಲಿ ಎರಡೆರಡು ಕೋನ್ ಇಟ್ಟ ಬಾಗಿಲು. ನಾನು ಹೆಜ್ಜೆ ಮುಂದಿಟ್ಟು ಒಂದು ಕಡೆ ಓಡುತ್ತೇನೆ, ಮಗು ಅದೇ ಕಡೆಯ ಬಾಗಿಲು ದಾಟಬೇಕು. ನನ್ನ ನಡೆ ನಾಲ್ಕು ಬಗೆ. ಬಲಗಾಲು ಇಟ್ಟು ಎಡಕ್ಕೆ. ಎಡಗಾಲು ಇಟ್ಟು ಬಲಕ್ಕೆ. ಬಲ, ಎಡ ಎರಡು ಹೆಜ್ಜೆ ಇಟ್ಟು ಬಲಕ್ಕೆ. ಎಡ, ಬಲ ಇಟ್ಟು ಎಡಕ್ಕೆ. ಕೊನೆಯ ಎರಡು ಮೋಸದ ನಡೆ. ಇದು ನನ್ನ ಸ್ವಂತ ಕಲ್ಪನೆ ಅಲ್ಲ, ಶೆಪರ್ಡ್ ಅವರ ತಂಡ ಆಸ್ಟ್ರೇಲಿಯನ್ ಫುಟ್‌ಬಾಲ್ (ನಮ್ಮ ಫುಟ್‌ಬಾಲ್ ಅಲ್ಲ, ಬೇರೆ ಆಟ) ಆಟಗಾರರಿಗೆ ಮಾಡಿಸಿದ ಟೆಸ್ಟಿನ ನಾಲ್ಕು ನಡೆಗಳೇ ಇವು. ದೂರಗಳನ್ನು ಮಾತ್ರ ನಮ್ಮ ಗ್ರೌಂಡಿಗೆ ಹೊಂದಿಸಿಕೊಂಡಿದ್ದೇನೆ.

ಒಂದು ಎಚ್ಚರಿಕೆ. ಯಾವ ನಡೆ ಯಾವಾಗ ಅಂತ ಮನಸ್ಸಿಗೆ ಬಂದ ಹಾಗೆ ಮಾಡಬೇಡಿ. ನಾನು ಮೊದಲ ತಿಂಗಳು ಹಾಗೇ ಮಾಡಿದೆ. ಮೋಸದ ನಡೆ ಆದ ಮೇಲೆ ನಾನು ಯಾವಾಗಲೂ ಸರಳ ನಡೆ ಮಾಡುತ್ತಿದ್ದೆ. ನನಗೇ ಗೊತ್ತಿರಲಿಲ್ಲ, ಸಾಲಿನಲ್ಲಿ ನಿಂತು ನೋಡುತ್ತಿದ್ದ ಮಕ್ಕಳಿಗೆ ಗೊತ್ತಾಗಿತ್ತು. ಈಗ 8 ಚೀಟಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ, ಒಂದೊಂದು ನಡೆಗೆ ಎರಡು. ಪ್ರತಿ ಸಲ ಒಂದು ಎತ್ತಿ ನೋಡಿ, ಮಡಚಿ, ಇನ್ನೊಂದು ಜೇಬಿಗೆ. ಕಾಯುವ ಮಕ್ಕಳನ್ನು ಬೆನ್ನು ತಿರುಗಿಸಿ ಕೂರಿಸುತ್ತೇನೆ.

ಫೋನನ್ನು ಮಗುವಿನ ಹಿಂದೆ, ಸ್ವಲ್ಪ ಪಕ್ಕಕ್ಕೆ, ಇಬ್ಬರೂ ಕಾಣುವ ಹಾಗೆ ನಿಲ್ಲಿಸಿ. ಸ್ಲೋ ಮೋಷನ್‌ನಲ್ಲಿ, ಸೆಕೆಂಡಿಗೆ 240 ಫ್ರೇಮ್ ಇಟ್ಟು ಹಿಡಿಯಿರಿ. ರಾತ್ರಿ ಊಟ ಆದ ಮೇಲೆ ಕೂತು ಎಣಿಸುವ ಕೆಲಸ. ದಿಕ್ಕು ಬದಲಿಸುವ ನನ್ನ ಕಾಲು ನೆಲಕ್ಕೆ ಊರಿದ ಫ್ರೇಮ್ ಒಂದು. ಮಗು ಸರಿಯಾದ ಕಡೆಗೆ ಮೊದಲ ಹೆಜ್ಜೆ ಊರಿದ ಫ್ರೇಮ್ ಇನ್ನೊಂದು. ನಡುವೆ 72 ಫ್ರೇಮ್ ಇದ್ದರೆ 0.30 ಸೆಕೆಂಡ್. 60 ಇದ್ದರೆ 0.25. ಇದು ನಿರ್ಧಾರದ ಸಮಯ. ಬಾಗಿಲು ದಾಟುವ ತನಕದ್ದು ಒಟ್ಟು ಸಮಯ. ಎರಡನ್ನೂ ಬರೆಯಿರಿ. ತಪ್ಪು ಕಡೆ ಹೋದದ್ದನ್ನು ಬೇರೆ ಎಣಿಸಿ.

ಇಲ್ಲಿ ಇಬ್ಬರು ಮಕ್ಕಳ ಬಗ್ಗೆ ಹೇಳಬೇಕು. 13 ವರ್ಷದ ಒಬ್ಬ ಹುಡುಗ, ದಪ್ಪ ಮೂಳೆ, ಅಗಲ ಪಾದ. 505ರಲ್ಲಿ ಇಡೀ ಬ್ಯಾಚಿಗೆ ಕೊನೆಯಿಂದ ಮೂರನೆಯವನು. ಅದೇ ವಾರ ಈ ಟೆಸ್ಟಿನಲ್ಲಿ ಅವನ ವಿಡಿಯೋ ಎಣಿಸುವಾಗ ನಾನು ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದೆ. ನನ್ನ ಕಾಲು ನೆಲ ಮುಟ್ಟುವ ಮುಂಚೆಯೇ ಅವನ ಹಿಮ್ಮಡಿ ಎದ್ದಿತ್ತು. ಅವನು ನನ್ನ ಕಾಲನ್ನು ನೋಡುತ್ತಲೇ ಇರಲಿಲ್ಲ. ಕಣ್ಣು ನನ್ನ ಬೆಲ್ಟಿನ ಮೇಲೆ. 8ರಲ್ಲಿ 7 ಸರಿ. ಇನ್ನೊಬ್ಬಳು 505ರಲ್ಲಿ ಎಲ್ಲರಿಗಿಂತ ಮುಂದೆ ಇದ್ದ ಹುಡುಗಿ. ನಾಲ್ಕು ಮೋಸದ ನಡೆಗೂ ಮೋಸ ಹೋದಳು, ಏಕೆಂದರೆ ನಾನು ಇಟ್ಟ ಮೊದಲ ಹೆಜ್ಜೆಗೇ ಹಾರಿಬಿಡುತ್ತಿದ್ದಳು. ಅವಳಿಗೆ ಕೋನ್ ಡ್ರಿಲ್ ಇನ್ನೂ ಕೊಟ್ಟರೆ ಏನೂ ಪ್ರಯೋಜನ ಇರಲಿಲ್ಲ. ಎರಡು ತಿಂಗಳು ಒಬ್ಬರ ಎದುರು ಒಬ್ಬರ ಆಟ ಆಡಿಸಿದೆ. ಬಾಲ್ ಕಸಿಯುವ ಮೊದಲು ಅರೆ ಹೆಜ್ಜೆ ಕಾಯಲು ಹೇಳಿದೆ. ಆಮೇಲಿನ ಟೆಸ್ಟಿನಲ್ಲಿ ಅವಳು ಮೋಸ ಹೋದದ್ದು ಒಂದೇ ಸಲ.

ಇದರ ದೌರ್ಬಲ್ಯವನ್ನೂ ಹೇಳಬೇಕು. ಎದುರಾಳಿ ನಾನೇ ಆದ್ದರಿಂದ, ನಾನು ದಣಿದರೆ ಟೆಸ್ಟ್ ಬದಲಾಗುತ್ತದೆ. ಒಂದು ದಿನಕ್ಕೆ 10 ಮಕ್ಕಳಿಗಿಂತ ಜಾಸ್ತಿ ಮಾಡಿಸುವುದಿಲ್ಲ. ಬೇರೆ ಕೋಚ್ ಮಾಡಿಸಿದ ಅಂಕಿಯ ಜೊತೆ ನನ್ನ ಅಂಕಿ ಹೋಲಿಸುವುದಿಲ್ಲ.

ಕ್ಯಾಮೆರಾ ಕೈಯಲ್ಲಿದ್ದಾಗ ಇನ್ನೊಂದನ್ನೂ ಎಣಿಸಬಹುದು. ನಾರ್ವೆಯ ಗೇರ್ ಯೋರ್ಡೆಟ್ ಎಂಬ ಸಂಶೋಧಕರು ವರ್ಷಗಳಿಂದ ಅಧ್ಯಯನ ಮಾಡಿರುವ ವಿಷಯ ಇದು. ಬಾಲ್ ಬರುವ ಮುಂಚಿನ 10 ಸೆಕೆಂಡಿನಲ್ಲಿ ಆಟಗಾರ ಎಷ್ಟು ಸಲ ಕತ್ತು ತಿರುಗಿಸಿ ಸುತ್ತ ನೋಡುತ್ತಾನೆ? ಪ್ರಾಕ್ಟೀಸ್ ಪಂದ್ಯದ ವಿಡಿಯೋ ಸಾಕು. ಬಾಲ್ ಬಂದ ಮೇಲೆ ನೋಡುವ ಮಗುವಿಗಿಂತ ಮೊದಲೇ ನೋಡಿಟ್ಟ ಮಗು ಚುರುಕಾಗಿ ಕಾಣುತ್ತದೆ. ಅದು ಕಾಲಿನ ಚುರುಕಲ್ಲ. ಕಲಿಸಿದರೆ ಬರುವಂಥದ್ದು.

ಗಡಿಯಾರದ ಆಯ್ಕೆ ಟೆಸ್ಟ್ ಮೇಲೆ ನಿಂತಿದೆ

ಸ್ಟಾಪ್‌ವಾಚ್ ಸಾಕಾ? ಇಲಿನಾಯ್‌ಗೆ ಸಾಕು, 505ಕ್ಕೆ ಸಾಲದು. ಕಾರಣ ಸರಳ. ಮಗು ಹೊರಟದ್ದನ್ನು ನೋಡಿ ನಮ್ಮ ಬೆರಳು ಒತ್ತುವ ಹೊತ್ತಿಗೆ ಸುಮಾರು 0.2 ಸೆಕೆಂಡ್ ಕಳೆದಿರುತ್ತದೆ. ಕೊನೆಯ ಗೆರೆಗೆ ಬರುವುದು ಮೊದಲೇ ಕಾಣುವುದರಿಂದ ಅಲ್ಲಿ ಸರಿಯಾಗಿ ಒತ್ತುತ್ತೇವೆ. ಹಾಗಾಗಿ ಕೈ ಗಡಿಯಾರದ ಸಮಯ ನಿಜಕ್ಕಿಂತ ಕಡಿಮೆ ಬರುತ್ತದೆ, ಒಂದೊಂದು ಸಲ ಒಂದೊಂದು ಥರ. ಇಲಿನಾಯ್‌ನಲ್ಲಿ ನನ್ನ ಬ್ಯಾಚಿನ ಮೊದಲಿಗನಿಗೂ ಕೊನೆಯವನಿಗೂ 3 ಸೆಕೆಂಡ್ ಅಂತರ ಇರುತ್ತದೆ. 0.2 ಅದರಲ್ಲಿ ಮುಳುಗಿಹೋಗುತ್ತದೆ. 505ರಲ್ಲಿ ಇಡೀ ಬ್ಯಾಚಿನ ಅಂತರವೇ ಅರ್ಧ ಸೆಕೆಂಡ್ ದಾಟುವುದಿಲ್ಲ. ಅಲ್ಲಿ 0.2 ಅಂದರೆ ಮಕ್ಕಳ ಸ್ಥಾನವೇ ಅದಲುಬದಲು.

505ಕ್ಕೆ ಫೋನ್ ಬಳಸಿ. 240 ಫ್ರೇಮ್‌ನಲ್ಲಿ ಒಂದು ಫ್ರೇಮ್ ಅಂದರೆ 0.004 ಸೆಕೆಂಡ್. ಮಾಮೂಲಿ 30 ಫ್ರೇಮ್ ವಿಡಿಯೋ ಆದರೂ 0.03, ಬೆರಳಿಗಿಂತ ಎಷ್ಟೋ ವಾಸಿ. ಫೋನ್ ಗೆರೆಯ ನೇರಕ್ಕೆ, ಮಗುವಿನ ಸೊಂಟದ ಎತ್ತರಕ್ಕೆ ಇರಬೇಕು. ಓರೆಯಾಗಿ ಇಟ್ಟರೆ ಮಗು ಗೆರೆ ದಾಟುವ ಮೊದಲೇ ದಾಟಿದ ಹಾಗೆ ಕಾಣುತ್ತದೆ. ಕೈಯಲ್ಲಿ ಹಿಡಿಯಬೇಡಿ. ಟ್ರೈಪಾಡ್ ಇಲ್ಲದಿದ್ದರೆ ಕುರ್ಚಿಗೆ ಕಟ್ಟಿ. ಸೊಂಟ ಗೆರೆ ದಾಟಿದ ಫ್ರೇಮನ್ನೇ ಎರಡೂ ಸಲ ಎಣಿಸಿ. ಒಮ್ಮೆ ಕೈ, ಒಮ್ಮೆ ಕಾಲು ಅಂತ ಮಾಡಬೇಡಿ.

ಬೆಳಕಿನ ಕಿರಣ ಕತ್ತರಿಸಿದಾಗ ಸಮಯ ಹಿಡಿಯುವ ಟೈಮಿಂಗ್ ಗೇಟ್ ಎಲ್ಲಕ್ಕಿಂತ ಸಲೀಸು. ಫಲಿತಾಂಶ ತಕ್ಷಣ ಬರುತ್ತದೆ, ರಾತ್ರಿ ಕೂತು ಎಣಿಸಬೇಕಿಲ್ಲ. ವರ್ಷಕ್ಕೆ ನೂರಾರು ಮಕ್ಕಳನ್ನು ಅಳೆಯುವ ಅಕಾಡೆಮಿಗೆ ಅದು ಬೇಕು. 25 ಮಕ್ಕಳ ಬ್ಯಾಚ್ ಇರುವವರು ಆ ದುಡ್ಡಿಗೆ ಬಾಲ್ ತರುವುದು ಮೇಲು.

ಗಡಿಯಾರ ಯಾವುದೇ ಇರಲಿ, ಒಂದೇ ಮಗು 2.61, 2.68, 2.65 ಅಂತ ಮೂರು ಸಲ ಓಡಿದರೆ, ಮುಂದಿನ ತಿಂಗಳ 2.60ನ್ನು ಪ್ರಗತಿ ಅಂತ ಕರೆಯಬೇಡಿ. ಅದು ಅವನ ಮಾಮೂಲಿ ಏರಿಳಿತ. 2.50 ಬಂದರೆ ಬೆನ್ನು ತಟ್ಟಿ.

ವಯಸ್ಸು, ಎತ್ತರ, ಹುಟ್ಟಿದ ತಿಂಗಳು

10 ವರ್ಷದ ಕೆಳಗಿನವರಿಗೆ ಟೆಸ್ಟೇ ಬೇಡ ಅನ್ನುವುದು ನನ್ನ ನಿಲುವು. ಮುಟ್ಟಾಟ ಆಡಿಸಿ, ಖೋ-ಖೋ ಆಡಿಸಿ. ಖೋ-ಖೋದಲ್ಲಿ ತಪ್ಪಿಸಿಕೊಳ್ಳುವ ಮಗು ಮಾಡುವುದು ಏನು? ಅಟ್ಟಿಸುವವರ ಭುಜ ನೋಡಿ ದಿಕ್ಕು ಬದಲಿಸುವುದು. ಮೇಲೆ ಹೇಳಿದ ಟೆಸ್ಟಿನಲ್ಲಿ ನಾವು ಹುಡುಕುತ್ತಿರುವುದೂ ಅದನ್ನೇ. 11-12ಕ್ಕೆ ನಿಂತಲ್ಲಿಂದ 505 ಮತ್ತು ಎದುರಾಳಿ ಟೆಸ್ಟ್ ಸಾಕು.

ಕಷ್ಟ ಇರುವುದು 12ರಿಂದ 15ರ ನಡುವೆ. ಹುಡುಗಿಯರು ಸುಮಾರು 12ರಲ್ಲಿ, ಹುಡುಗರು ಸುಮಾರು 14ರಲ್ಲಿ ಸರ್ರನೆ ಎತ್ತರ ಬೆಳೆಯುತ್ತಾರೆ. ವರ್ಷಕ್ಕೆ 8ರಿಂದ 10 ಸೆಂಟಿಮೀಟರ್. ಕಾಲು ಉದ್ದವಾಗುತ್ತದೆ, ಅದನ್ನು ಹಿಡಿತಕ್ಕೆ ತರುವ ಶಕ್ತಿ ತಡವಾಗಿ ಬರುತ್ತದೆ. ಈ ಸಮಯದಲ್ಲಿ ಕೆಲವು ಮಕ್ಕಳ 505 ಸಮಯ ಕೆಡುತ್ತದೆ. ಮಗು ಸೋಮಾರಿ ಆಗಿಲ್ಲ, ಬೆಳೆಯುತ್ತಿದೆ. ಮೂರು ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಎತ್ತರ ಬರೆದಿಡಿ. ಟೆಸ್ಟಿನ ಅಂಕಿ ಪಕ್ಕದಲ್ಲೇ ಇರಲಿ. ಆಗ ಪೋಷಕರಿಗೆ ತೋರಿಸಿ ಹೇಳಬಹುದು.

ಟ್ರಯಲ್ಸ್‌ನಲ್ಲಿ ಈ ಅಂಕಿಗಳನ್ನೇ ನೋಡಿ ಮಕ್ಕಳನ್ನು ಕೈಬಿಡುವುದು ನನಗೆ ನೋವು ಕೊಡುವ ವಿಷಯ. ಜನವರಿಯಲ್ಲಿ ಹುಟ್ಟಿದವರೂ ಡಿಸೆಂಬರ್‌ನಲ್ಲಿ ಹುಟ್ಟಿದವರೂ ಒಂದೇ ವಯಸ್ಸಿನ ಗುಂಪಿನಲ್ಲಿ ನಿಲ್ಲುತ್ತಾರೆ. ನಡುವೆ ಹೆಚ್ಚುಕಡಿಮೆ ಒಂದು ವರ್ಷ. 13ರಲ್ಲಿ ಒಂದು ವರ್ಷ ಅಂದರೆ ಬೇರೆಯೇ ಮೈ. ಜಗತ್ತಿನಾದ್ಯಂತ ಯುವ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ ಇರುವುದಕ್ಕೆ ಇದೊಂದು ಕಾರಣ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಅಕಾಡೆಮಿಗಳು ವಯಸ್ಸಿನ ಬದಲು ಮೈ ಎಷ್ಟು ಬೆಳೆದಿದೆ ಅಂತ ನೋಡಿ ಗುಂಪು ಮಾಡಿ ಆಡಿಸಿ ನೋಡಿದ್ದೂ ಇದಕ್ಕೇ. ನಿಮಗೆ ಟ್ರಯಲ್ಸ್‌ನಲ್ಲಿ ಒಂದೇ ಟೆಸ್ಟ್ ಇಡುವ ಅವಕಾಶ ಇದ್ದರೆ ಎದುರಾಳಿ ಟೆಸ್ಟ್ ಇಡಿ, ನಿರ್ಧಾರದ ಸಮಯವನ್ನೂ ತಪ್ಪಿನ ಎಣಿಕೆಯನ್ನೂ ನೋಡಿ. ಮೈ ಬೆಳೆದದ್ದು ಅದರಲ್ಲಿ ಅಷ್ಟಾಗಿ ಮೇಲುಗೈ ಆಗುವುದಿಲ್ಲ.

ಹುಡುಗಿಯರ ಬ್ಯಾಚ್ ಇದ್ದರೆ ಇನ್ನೊಂದು ಮಾತು. ಮೊಣಕಾಲಿನ ಒಳಗಿನ ಎಸಿಎಲ್ ಎಂಬ ಕಟ್ಟು ಹರಿಯುವ ಅಪಾಯ ಹುಡುಗಿಯರಿಗೆ ಹೆಚ್ಚು, ಅದೂ ಬೆಳೆಯುವ ವಯಸ್ಸಿನಲ್ಲಿ. 505ರ ಪೂರ್ತಿ ತಿರುವು ಆ ಕಟ್ಟಿಗೆ ಹೊರೆ. ಫಿಫಾ 11+ ವಾರ್ಮ್ ಅಪ್ ಮಾಡಿಸದೆ ಈ ಟೆಸ್ಟ್ ಮಾಡಿಸಬೇಡಿ. 20 ನಿಮಿಷ ಹಿಡಿಯುತ್ತದೆ, ಕೋನ್ ಮತ್ತು ಬಾಲ್ ಬಿಟ್ಟರೆ ಬೇರೆ ಸಾಮಾನು ಬೇಕಿಲ್ಲ. ತಿರುಗುವಾಗ ಮೊಣಕಾಲು ಒಳಕ್ಕೆ ಕುಸಿಯುತ್ತಿದೆಯೇ ಅಂತ ವಿಡಿಯೋದಲ್ಲಿ ನೋಡಿ. ಕುಸಿಯುತ್ತಿದ್ದರೆ ಸಮಯ ಎಷ್ಟೇ ಚೆನ್ನಾಗಿರಲಿ, ಮೊದಲು ಅದನ್ನು ಸರಿಮಾಡಿ.

ಗೋಲ್‌ಕೀಪರ್‌ಗಳದ್ದು ಬೇರೆ ಲೆಕ್ಕ. ಪೆನಾಲ್ಟಿ 11 ಮೀಟರ್. ಗಂಟೆಗೆ 100 ಕಿಲೋಮೀಟರ್ ವೇಗದ ಬಾಲ್ ಅಷ್ಟು ದೂರವನ್ನು 0.4 ಸೆಕೆಂಡಿನಲ್ಲಿ ದಾಟುತ್ತದೆ. ಸ್ಕೇಲ್ ಟೆಸ್ಟಿನಲ್ಲಿ 0.2 ಬಂದ ಕೀಪರ್‌ಗೂ ಹಾರಲು ಉಳಿಯುವುದು ಇನ್ನೊಂದು 0.2. ಅದಕ್ಕೇ ಅವರೂ ಒದೆಯುವವನ ನಿಂತ ಕಾಲನ್ನು ಓದಬೇಕು. ಅವರಿಗೆ ನಾನು ಎರಡು ಟೆನಿಸ್ ಬಾಲ್ ಬಳಸುತ್ತೇನೆ. ಭುಜದ ಎತ್ತರದಲ್ಲಿ ಎರಡು ಕೈ ಚಾಚಿ ನಿಂತು ಒಂದನ್ನು ಬಿಡುತ್ತೇನೆ. ಎರಡನೇ ಪುಟಿತಕ್ಕೆ ಮೊದಲು ಹಿಡಿಯಬೇಕು. ಹಿಡಿದರೆ ಅರ್ಧ ಮೀಟರ್ ಹಿಂದೆ. ಎಷ್ಟು ದೂರದ ತನಕ ಹಿಡಿದರು ಅನ್ನುವುದೇ ಅಂಕ. ಗಡಿಯಾರ ಬೇಡ.

ದಿನ ಗೊತ್ತುಮಾಡುವ ಮುಂಚೆ

ವರ್ಷಕ್ಕೆ ಮೂರು ಸಲ ಸಾಕು. ಮೊದಲ ಸಲದ ಅಂಕಿ ಲೆಕ್ಕಕ್ಕೆ ಹಿಡಿಯುವ ಮುಂಚೆ ಬೇರೆ ಎರಡು ದಿನ ಅಭ್ಯಾಸಕ್ಕೆ ಓಡಿಸಿ. ಇಲ್ಲದಿದ್ದರೆ ಎರಡನೇ ಟೆಸ್ಟಿನಲ್ಲಿ ಎಲ್ಲರೂ ಸುಧಾರಿಸಿದ ಹಾಗೆ ಕಾಣುತ್ತದೆ. ಎರಡು ಓಟದ ನಡುವೆ 2-3 ನಿಮಿಷ ಬಿಡುವು. ಅದೇ ಗ್ರೌಂಡ್, ಅದೇ ಹೊತ್ತು, ಅದೇ ಶೂ. ಕಳೆದ ಸಲ ಕ್ಯಾನ್ವಾಸ್ ಶೂ, ಈ ಸಲ ಸ್ಟಡ್ ಅಂದರೆ ಹೋಲಿಕೆ ಮುಗಿಯಿತು. ಬರಿಗಾಲಲ್ಲಿ ಓಡುವ ಮಕ್ಕಳಿದ್ದರೆ ಪುಸ್ತಕದಲ್ಲಿ ಹಾಗೇ ಬರೆದಿಡಿ. ಕೋನ್ ಇದ್ದ ಜಾಗಕ್ಕೆ ಸುಣ್ಣದ ಗುರುತು ಹಾಕಿ, ಮಧ್ಯದಲ್ಲಿ ಯಾರಾದರೂ ಒದ್ದರೆ ಮತ್ತೆ ಅಲ್ಲೇ ಇಡಬಹುದು.

ನಾನು ಶಾಲೆ ಶುರುವಾದ ವಾರ, ದಸರಾ ರಜೆ ಮುಗಿದ ಮೇಲೆ, ಮತ್ತೆ ಜನವರಿ ಕೊನೆಗೆ ಇಟ್ಟುಕೊಂಡಿದ್ದೇನೆ. ಅಕ್ಟೋಬರ್‌ನಲ್ಲೂ ಬೆಂಗಳೂರಿಗೆ ಮಳೆ ಬಿಡುವುದಿಲ್ಲ, ಅದಕ್ಕೇ ಪೋಷಕರಿಗೆ ಎರಡು ಶನಿವಾರ ಹೇಳಿಟ್ಟಿರುತ್ತೇನೆ. ಬೆಳಿಗ್ಗೆ 6ಕ್ಕೆ ಗ್ರೌಂಡಿಗೆ ಹೋಗಿ ತಿರುವಿನ ಗೆರೆಯ ಹತ್ತಿರ ಹಿಮ್ಮಡಿ ಊರಿ ತಿರುಗಿ ನೋಡುತ್ತೇನೆ. ಮಣ್ಣು ಜಾರಿದರೆ ಆ ದಿನ ಟೆಸ್ಟ್ ಇಲ್ಲ, ಎರಡನೇ ಶನಿವಾರ.